ಅಡ್ಡಗಾಲು

ಐವತ್ತು ದಾಟಿದ ಗಂಡಸು ಏನೇನು ಮಾಡಬಹುದು ಎಂಬುದಕ್ಕೆ ಬಸವನಗುಡಿಯಲ್ಲಿ ಕಟ್ಟಳೆಗಳಿವೆ. ಕೃಷ್ಣರಾವ್ ಪಾರ್ಕಿನಲ್ಲಿ ಕೈ ಬೀಸಿಕೊಂಡು ಸುತ್ತು ಹಾಕಬಹುದು. ಲಾಲ್‌ಬಾಗಿನಲ್ಲಿ ಗುಂಪು ಕಟ್ಟಿ ಹಹ್ಹಹ್ಹಾ ಎಂದು ನಗಬಹುದು. ಗಮಕದ ಪಾಠಕ್ಕೆ ಸೇರಬಹುದು, ವಿಷ್ಣುಸಹಸ್ರನಾಮ ಬಾಯಿಪಾಠ ಮಾಡಬಹುದು, ಬ್ಯಾಂಕಿನ ಬಡ್ಡಿ ಇಳಿದದ್ದಕ್ಕೆ ಗಾಂಧಿಬಜಾರಿನಲ್ಲಿ ಕಾಫಿ ಲೋಟ ಹಿಡಿದು ನಿಂತು ಸರ್ಕಾರವನ್ನು ಬೈಯಬಹುದು. ಆದರೆ ದಪ್ಪ ಬಿಳಿ ಅಂಗಿ ತೊಟ್ಟು, ಸೊಂಟಕ್ಕೆ ಬೆಲ್ಟು ಬಿಗಿದು, ಎದುರಿಗಿರುವವರ ಕಾಲು ತಪ್ಪಿಸಿ ಕೆಡವುವ ವಿದ್ಯೆ ಕಲಿಯುತ್ತೇನೆಂದು ಹೊರಟರೆ ಪಕ್ಕದ ಮನೆಯವರು ದನಿ ತಗ್ಗಿಸಿ ಕೇಳುತ್ತಾರೆ: "ಮನೇಲಿ ಎಲ್ಲ ಸರಿಯಾಗಿದೆ ತಾನೇ?"

ಎಲ್ಲ ಸರಿಯಾಗಿಯೇ ಇತ್ತು. ಮಗಳನ್ನು ಜೂಡೋ ಕ್ಲಾಸಿಗೆ ಬಿಡಲು ಚಾಮರಾಜಪೇಟೆಗೆ ಹೋಗುತ್ತಿದ್ದೆ. ಅಡ್ಡರಸ್ತೆಯೊಂದರಲ್ಲಿ ಹಳೆಯ ಕಟ್ಟಡ, ಮೊದಲ ಮಹಡಿ, ನೆಲದ ತುಂಬ ಮ್ಯಾಟು, ಚಪ್ಪಲಿ ಬಿಡುವ ಜಾಗದಲ್ಲಿ ಒಂದು ಬೆಂಚು. ಅಲ್ಲಿ ಕೂತು ಫೋನು ಉಜ್ಜುವ ಅಪ್ಪಂದಿರನ್ನು ನೋಡಿ ನೋಡಿ ಬೇಸತ್ತ ಮೇಷ್ಟ್ರು ಒಂದು ದಿನ, "ಸುಮ್ನೆ ಕೂತು ಏನ್ ಮಾಡ್ತೀರಿ ಸಾರ್, ಬೀಳೋದಾದ್ರೂ ಕಲೀರಿ" ಅಂದರು. ಉಳಿದವರು ಮಂಡಿನೋವು ಹೇಳಿ ತಪ್ಪಿಸಿಕೊಂಡರು. ನನಗೆ ತಕ್ಷಣ ಯಾವ ನೋವೂ ಹೊಳೆಯಲಿಲ್ಲ. ಮಗಳು ಆಮೇಲೆ ಪಿಯುಸಿ, ಟ್ಯೂಷನ್ ಎಂದು ಬಿಟ್ಟಳು. ನಾನು ಉಳಿದೆ.

ಈ ಬಡಾವಣೆಗಳಿಗೂ ಮೈಕೈಯ ವಿದ್ಯೆಗೂ ದೂರ ಎಂದು ಹೊರಗಿನವರು ಅಂದುಕೊಳ್ಳುತ್ತಾರೆ. ಚಾಮರಾಜಪೇಟೆ ಹುಟ್ಟಿದ್ದು 1892ರಲ್ಲಿ. ಬಸವನಗುಡಿ, ಮಲ್ಲೇಶ್ವರಗಳು ಬೆಳೆದದ್ದು 1898ರ ಪ್ಲೇಗಿನ ಬೆನ್ನಿಗೆ, ಇಕ್ಕಟ್ಟಿನ ಪೇಟೆ ಬಿಟ್ಟು ಗಾಳಿ ಬೆಳಕು ಹುಡುಕಿಕೊಂಡು ಬಂದವರಿಂದ. ಬಂದವರು ದೇವರ ಪೆಟ್ಟಿಗೆ, ವೀಣೆ, ಒರಳುಕಲ್ಲು ಎಲ್ಲವನ್ನೂ ಗಾಡಿಗೆ ಹೇರಿಕೊಂಡು ಬಂದರು. ಗರಡಿಯ ಮಣ್ಣನ್ನು ಹೇರಿ ತರುವುದು ಕಷ್ಟ. ಹೆಚ್ಚಿನ ಗರಡಿಗಳು ಪೇಟೆಯಲ್ಲೇ ಉಳಿದವು, ಹುಚ್ಚಿದ್ದವರು ಬೆಳಗಿನ ಜಾವ ನಡೆದು ಹೋಗುತ್ತಿದ್ದರು. ನಮ್ಮ ತಾತನೂ ಹಾಗೆ ಹೋದವರೇ. ಕೆಮ್ಮಣ್ಣು ಮೆತ್ತಿಕೊಂಡು ಬಂದ ಗಂಡನನ್ನು ಅಜ್ಜಿ ಮುಂಬಾಗಿಲಿನಲ್ಲಿ ಬಿಡದೆ ಹಿತ್ತಲಿನಿಂದ ಕರೆದು, ಬಚ್ಚಲಿಗೆ ಕಳಿಸಿ, ಆಮೇಲೆ ಕಾಫಿ ಕೊಡುತ್ತಿದ್ದಳಂತೆ.

ಪೇಟೆಗೂ ಬಡಾವಣೆಗೂ ನಡುವೆ ಜೆ.ಸಿ. ರಸ್ತೆಯಲ್ಲಿ ಕೆ.ವಿ. ಅಯ್ಯರ್ ಇದ್ದರು. 'ಶಾಂತಲಾ', 'ರೂಪದರ್ಶಿ' ಬರೆದ ಅದೇ ಅಯ್ಯರ್, ಕೈಲಾಸಂ ಅವರ ಗೆಳೆಯ. ಅವರ ಹರ್ಕ್ಯುಲಿಸ್ ವ್ಯಾಯಾಮಶಾಲೆಯಲ್ಲಿ ಕಬ್ಬಿಣದ ಬಾರ್‌ಬೆಲ್ಲಿಗೂ ಸೂರ್ಯನಮಸ್ಕಾರಕ್ಕೂ ಒಂದೇ ಸೂರಿನಡಿ ಜಾಗವಿತ್ತು. 1930ರಲ್ಲಿ 'ಮಸಲ್ ಕಲ್ಟ್' ಎಂಬ ಇಂಗ್ಲಿಷ್ ಪುಸ್ತಕ ತಂದರು. ಅಷ್ಟೇ ಅಲ್ಲ, ಅಂಚೆಯ ಮೂಲಕ ದೇಹದಾರ್ಢ್ಯ ಕಲಿಸಿದರು: ನೀವು ದುಡ್ಡು ಕಳಿಸಿದರೆ ಅವರು ಪಾಠ ಕಳಿಸುತ್ತಿದ್ದರು. ಅಯ್ಯರ್ ಅವರ ಫೋಟೋಗಳನ್ನು ನೋಡಿದರೆ ಈಗಲೂ ಹೊಟ್ಟೆ ತಾನಾಗಿ ಒಳಗೆ ಹೋಗುತ್ತದೆ. ಆದರೆ ನನಗನ್ನಿಸುವುದು, ಅಂಚೆಯಲ್ಲಿ ತೋಳು ಬೆಳೆಸಬಹುದು, ಕಾಲು ಗುಡಿಸುವುದನ್ನು ಕಲಿಸಲಾಗದು. ಸ್ವೀಪ್ ಎಂದು ನಾವೆಲ್ಲ ಕರೆಯುವ ಆ ಪಟ್ಟಿಗೆ ಇನ್ನೊಬ್ಬರ ಕಾಲು ಬೇಕು, ಆ ಕಾಲು ನಡೆಯುತ್ತಿರಬೇಕು. ಕನ್ನಡಿಯ ಮುಂದೆ ನಿಂತವನಿಗೆ ಅದು ಎಂದೂ ದಕ್ಕುವುದಿಲ್ಲ.

ನೋಡುವವರ ಕಣ್ಣಿಗೆ ಇದು ಒದೆತ. ಎದುರಾಳಿ ಕಾಲು ಮುಂದಿಟ್ಟ, ಇವನು ಒದ್ದ, ಅವನು ಬಿದ್ದ. ಒದ್ದು ನೋಡಿ. ಮೈಭಾರ ಪೂರ್ತಿ ಕೂತ ಕಾಲು ಅಲ್ಲಾಡುವುದಿಲ್ಲ. ಎಪ್ಪತ್ತು ಕಿಲೋ ಮನುಷ್ಯ ಅದರ ಮೇಲೆ ನಿಂತಿದ್ದಾನೆಂದರೆ ಅಷ್ಟೂ ಭಾರ ಆ ಪಾದವನ್ನು ನೆಲಕ್ಕೆ ಒತ್ತಿ ಹಿಡಿದಿರುತ್ತದೆ. ನಿಮ್ಮ ಹೆಬ್ಬೆರಳಿಗೂ ನೋವು, ಅವನ ಕಣಕಾಲಿಗೂ ನೋವು, ಇಬ್ಬರೂ ನಿಂತೇ ಇರುತ್ತೀರಿ. ಸರಿ, ಕಾಲು ಗಾಳಿಯಲ್ಲಿರುವಾಗಲೇ ತಳ್ಳೋಣ ಎಂದರೆ ಅದೂ ಕೆಲಸಕ್ಕೆ ಬರುವುದಿಲ್ಲ. ಗಾಳಿಯಲ್ಲಿರುವ ಕಾಲಿನ ಮೇಲೆ ಭಾರವೇ ಇಲ್ಲ, ತಳ್ಳಿದತ್ತ ಹೋಗುತ್ತದೆ. ಅವನು ಇನ್ನೊಂದು ಕಾಲ ಮೇಲೆ ಹಾಯಾಗಿ ನಿಂತು ಅದನ್ನು ವಾಪಸು ತಂದಿಟ್ಟುಕೊಳ್ಳುತ್ತಾನೆ. ಇವೆರಡರ ನಡುವೆ ಒಂದು ಗಳಿಗೆಯಿದೆ. ಪಾದ ನೆಲ ಸವರಿದೆ, ಭಾರ ಹಿಂದಿನ ಕಾಲನ್ನು ಬಿಟ್ಟು ಹೊರಟಿದೆ, ಮುಂದಿನದಕ್ಕೆ ಇನ್ನೂ ಬಂದು ಮುಟ್ಟಿಲ್ಲ. ಆಗ ಆ ಪಾದವನ್ನು ಅದು ಹೊರಟ ದಿಕ್ಕಿನಲ್ಲೇ ಇನ್ನೊಂದು ಗೇಣು ಕಳಿಸಿಕೊಟ್ಟರೆ ಮುಗಿಯಿತು. ಕರೆಂಟು ಹೋದಾಗ ಮಹಡಿ ಇಳಿಯುವವನು ಮೆಟ್ಟಿಲು ಮುಗಿದವೆಂದು ಕಾಲಿಟ್ಟು, ಇನ್ನೂ ಒಂದು ಉಳಿದಿದ್ದರೆ ಏನಾಗುತ್ತದೋ ಅದೇ ಆಗುತ್ತದೆ. ಶಕ್ತಿ ಬೇಕಿಲ್ಲ. ಬೇಕಾದದ್ದು ಆ ಗಳಿಗೆ.

ಜೂಡೋ ಹುಟ್ಟುಹಾಕಿದ ಜಿಗೊರೊ ಕಾನೊ 1882ರಲ್ಲಿ ಟೋಕಿಯೋದ ದೇವಾಲಯವೊಂದರಲ್ಲಿ, ಹನ್ನೆರಡು ಚಾಪೆ ಹಾಸುವಷ್ಟು ಜಾಗದಲ್ಲಿ, ಕೋಡೋಕಾನ್ ಎಂಬ ಶಾಲೆ ಶುರುಮಾಡಿದರು. ಅವರ ಶಾಲೆ ಮುಂದೆ ಕೆಡವುವ ಪಟ್ಟುಗಳನ್ನು ಐದು ಗುಂಪು ಮಾಡಿ ಕ್ರಮಕ್ಕೆ ತಂದಿತು. 1920ರಲ್ಲಿ ತಿದ್ದಿದ ಪಟ್ಟಿಯಲ್ಲಿ ಒಟ್ಟು 40 ಪಟ್ಟುಗಳು. ಮೊದಲ ಗುಂಪಿನ ಮೊದಲ ಪಟ್ಟೇ ಡೆ ಆಶಿ ಬರಾಯ್, ಮುಂದೆ ಬಂದ ಕಾಲನ್ನು ಗುಡಿಸುವುದು. ಮೊದಲನೆಯದು ಎಂದರೆ ಸುಲಭ ಇರಬೇಕು ಎಂದು ಹೊಸಬರು ನಂಬುತ್ತಾರೆ. ನಮ್ಮ ಮೇಷ್ಟ್ರು ನಗುತ್ತಾರೆ: "ಮೊದಲು ಕಲಿಸ್ತೀವಿ ಸಾರ್, ಯಾಕಂದ್ರೆ ಬರೋಕೆ ಅಷ್ಟು ವರ್ಷ ಬೇಕು."

ಚೆನ್ನಾಗಿ ಮಾಡಬೇಕೆಂದರೆ ಕಾಲಿಗೆ ಹೇಳಿಕೊಡಬೇಕಾದ್ದು ಸ್ವಲ್ಪವೇ. ಅಂಗಾಲಿನಿಂದ ಗುಡಿಸಬೇಕು. ಪಾದವನ್ನು ಒಳಮುಖ ತಿರುಗಿಸಿದರೆ ಕಿರುಬೆರಳ ಕಡೆಯ ಅಂಚು ಮ್ಯಾಟಿನ ಮೇಲೆ ಸವರಿಕೊಂಡು ಹೋಗುತ್ತದೆ, ಅಂಗಾಲು ಅವನ ಕಣಕಾಲಿನ ಗಂಟಿನ ಕೆಳಗೆ ಮೆತ್ತಗೆ ಕೂರುತ್ತದೆ. ಗಂಟಿನ ಮೇಲೆ ತಾಗಿದರೆ ಎಲುಬಿಗೆ ಎಲುಬು, ಮಾರನೇ ದಿನ ಇಬ್ಬರೂ ಕುಂಟಬೇಕು. ಮಂಡಿ ಮಡಿಸಿ ಬಿಚ್ಚಿದರೆ ಅದು ಒದೆತವಾಗಿಬಿಡುತ್ತದೆ. ಕಾಲು ನೆಟ್ಟಗಿದ್ದು ಸೊಂಟ ಅದರ ಹಿಂದೆ ಬಂದರೆ ಇಡೀ ಮೈ ಗುಡಿಸುತ್ತದೆ. ನಿಂತ ಕಾಲಿನ ಮಂಡಿ ಮಾತ್ರ ತುಸು ಸಡಿಲವಾಗಿರಲಿ. ಇಷ್ಟೇ.

ಹೆಚ್ಚಿನ ಕೆಲಸ ಇರುವುದು ಕೈಗಳಿಗೆ. ತೋಳು ಹಿಡಿದ ಕೈ ಅವನ ಸೊಂಟದತ್ತ ಕೆಳಗೆ ಎಳೆಯಬೇಕು, ಕೊರಳಪಟ್ಟಿ ಹಿಡಿದ ಕೈ ಮೇಲೆತ್ತಬೇಕು, ಎರಡೂ ಕಾಲಿನ ಜೊತೆಗೇ ನಡೆಯಬೇಕು. ಕೈ ಸುಮ್ಮನಿದ್ದರೆ ಕಾಲು ಎಷ್ಟೇ ಅಂದವಾಗಿ ಗುಡಿಸಿದರೂ ಎದುರಾಳಿ ಒಂದು ಕುಂಟು ಹೆಜ್ಜೆ ಹಾಕಿ ಸಾವರಿಸಿಕೊಳ್ಳುತ್ತಾನೆ. ಬೀಳಿಸುವ ಮೊದಲು ಅವನ ಸಮತೋಲ ಕೆಡಿಸಬೇಕು, ಕುಜುಷಿ ಎಂದು ಜೂಡೋದವರು ಸದಾ ಜಪಿಸುವುದು ಇದನ್ನೇ. ಕೈಗೆ ಇನ್ನೂ ಒಂದು ಕೆಲಸವಿದೆ, ಅದು ಕೇಳಿಸಿಕೊಳ್ಳುವುದು. ಬಲಗಾಲು ಏಳುವ ಮೊದಲು ಬಲಭುಜ ಮಿಸುಕುತ್ತದೆ, ಆ ಮಿಸುಕು ಅಂಗಿಯ ತೋಳಿನ ಬಟ್ಟೆಯಲ್ಲಿ ಹಾದು ಬೆರಳಿಗೆ ಬರುತ್ತದೆ. ಬಿಗಿ ಮುಷ್ಟಿಯಲ್ಲಿ ಹಿಡಿದವನಿಗೆ ಅದು ತಿಳಿಯುವುದಿಲ್ಲ. ಕಿರುಬೆರಳು, ಉಂಗುರಬೆರಳು ಹಿಡಿದಿರಲಿ, ಉಳಿದವು ಸಡಿಲವಾಗಿರಲಿ ಎನ್ನುವುದು ಅದಕ್ಕೇ.

ಇದೆಲ್ಲ ತಿಳಿದ ಮೇಲೂ ನಾವೆಲ್ಲ ಬಗ್ಗಿ ಕಾಲನ್ನೇ ನೋಡುತ್ತೇವೆ. "ಅವರ ಕಾಲು ಅಲ್ಲೇ ಇರುತ್ತೆ ಸಾರ್, ಯಾರೂ ಕದ್ಕೊಂಡು ಹೋಗಲ್ಲ. ತಲೆ ಎತ್ತಿ" ಎಂದು ಮೇಷ್ಟ್ರು ಗದರುತ್ತಾರೆ. ತಲೆ ಬಗ್ಗಿದರೆ ಬೆನ್ನು ಬಗ್ಗುತ್ತದೆ, ಬೆನ್ನು ಬಗ್ಗಿದರೆ ಕಾಲು ಹಗುರಾಗಿ ಹೊರಡುವುದಿಲ್ಲ. ಅದಕ್ಕಿಂತ ಮುಖ್ಯವಾಗಿ, ನೀವು ಎಲ್ಲಿ ನೋಡುತ್ತೀರೋ ಅಲ್ಲಿಗೇ ಕೈ ಹಾಕುತ್ತೀರೆಂದು ಎದುರಿನವರಿಗೆ ಗೊತ್ತಾಗುತ್ತದೆ. ಕಣ್ಣಿಗೆ ಕಂಡ ಹೆಜ್ಜೆ ಆಗಿಹೋದ ಹೆಜ್ಜೆ. ಅದನ್ನು ಕಂಡು, ಯೋಚಿಸಿ, ಕಾಲು ಕಳಿಸುವಷ್ಟರಲ್ಲಿ ಭಾರ ಬಂದು ಕೂತಿರುತ್ತದೆ.

ಇದನ್ನು ನನಗೆ ಮನಗಾಣಿಸಿದ್ದು ಮಲ್ಲೇಶ್ವರದಿಂದ ಬರುವ ಹತ್ತನೇ ಕ್ಲಾಸಿನ ಹುಡುಗಿ. ತೂಕದಲ್ಲಿ ನನ್ನ ಅರ್ಧ. ಭರತನಾಟ್ಯವನ್ನೂ ಕಲಿಯುತ್ತಾಳೆ, ಮೆಟ್ರೋ ಇಳಿದು ಓಡಿ ಬಂದು ಜಡೆ ಎತ್ತಿ ಕಟ್ಟಿಕೊಂಡು ಮ್ಯಾಟಿಗೆ ನಮಸ್ಕರಿಸುತ್ತಾಳೆ. ಅವಳು ನನ್ನನ್ನು ಕೆಡವಿದಾಗ ನನ್ನ ಅನುಭವಕ್ಕೆ ಬರುವುದು ತೋಳಿನ ಕಡೆ ಒಂದು ಸಣ್ಣ ಎಳೆತ, ಆಮೇಲೆ ಸೀಲಿಂಗ್ ಫ್ಯಾನು. ನಡುವೆ ಏನಾಯಿತೆಂದು ಕೇಳಿದರೆ, "ಅಂಕಲ್, ನೀವು ಕಾಲು ಹುಡುಕ್ತೀರ. ಹುಡುಕ್ಬೇಡಿ, ಜೊತೆಗೆ ನಡೀರಿ" ಅಂದಳು. ಅವಳ ಅಭ್ಯಾಸ ಹೀಗೆ: ಜೊತೆಗಾರರ ಅಂಗಿ ಹಿಡಿದು ಮ್ಯಾಟಿನ ಈ ತುದಿಯಿಂದ ಆ ತುದಿಗೆ ನಡೆಯುವುದು, ಅವರ ಪ್ರತಿ ಹೆಜ್ಜೆಗೂ ಅಂಗಾಲಿನಿಂದ ಸುಮ್ಮನೆ ತಟ್ಟುವುದು, ಕೆಡವುವ ಮಾತೇ ಇಲ್ಲ. ಮೊದಲು ನಿಧಾನವಾಗಿ, ಆಮೇಲೆ ಇಮ್ಮಡಿ ಕಾಲದಲ್ಲಿ. ಬಾಯಲ್ಲಿ ತಾಳ ಹಾಕಿಕೊಳ್ಳುತ್ತಾಳೋ ಏನೋ, ತುಟಿ ಅಲ್ಲಾಡುತ್ತಿರುತ್ತದೆ. ಹೀಗೆ ತಟ್ಟುತ್ತ ತಟ್ಟುತ್ತ ಒಂದು ಸಲ ತಟ್ಟುವುದು ಸರಿಯಾದ ಗಳಿಗೆಗೆ ಬೀಳುತ್ತದೆ, ಎದುರಿನವರು ತಾವಾಗಿ ಉರುಳುತ್ತಾರೆ, ತಟ್ಟಿದವರಿಗೇ ಆಶ್ಚರ್ಯವಾಗುತ್ತದೆ.

ಪಕ್ಕಕ್ಕೆ ಸರಿಯುವವರಿಗೆ ಇನ್ನೊಂದು ಪಟ್ಟಿದೆ, ಒಕುರಿ ಆಶಿ ಬರಾಯ್. ಒಂದು ಕಾಲು ಪಕ್ಕಕ್ಕೆ ಹೋಗುತ್ತದೆ, ಇನ್ನೊಂದು ಅದನ್ನು ಕೂಡಿಕೊಳ್ಳಲು ಬರುತ್ತದೆ. ಕೂಡುವ ಹೊತ್ತಿಗೆ ಹಿಂದೆ ಬಂದದ್ದನ್ನು ಗುಡಿಸಿ ಎರಡನ್ನೂ ಒಟ್ಟಿಗೆ ಕಳಿಸುವುದು. ಸರಿಯಾಗಿ ಬಿದ್ದರೆ ಎದುರಾಳಿ ಒಂದು ಕ್ಷಣ ನೆಲಕ್ಕೆ ಸಮನಾಗಿ ಗಾಳಿಯಲ್ಲಿರುತ್ತಾನೆ. ನನ್ನ ಕೈಯಲ್ಲಿ ಅದು ಇನ್ನೂ ಅಪರೂಪ.

ನಮ್ಮ ಗರಡಿಯವರಿಗೆ ಇದು ಗೊತ್ತಿರಲಿಲ್ಲವೇ ಎಂದು ಒಬ್ಬ ಗೆಳೆಯ ಕೇಳಿದ. ಗೊತ್ತಿಲ್ಲದೆ ಏನು! ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರ ಹನ್ನೆರಡನೆಯ ಶತಮಾನದಲ್ಲಿ ಬರೆದ 'ಮಾನಸೋಲ್ಲಾಸ'ದಲ್ಲಿ ಮಲ್ಲವಿನೋದಕ್ಕೇ ಒಂದು ಭಾಗವಿದೆ. ಕೃಷ್ಣದೇವರಾಯ ಬೆಳಕು ಹರಿಯುವ ಮೊದಲೇ ಎಳ್ಳೆಣ್ಣೆ ಕುಡಿದು, ಮೈಗೂ ಹಚ್ಚಿಕೊಂಡು, ಭಾರ ಎತ್ತಿ, ಜಟ್ಟಿಯೊಬ್ಬನ ಜೊತೆ ಕುಸ್ತಿ ಆಡುತ್ತಿದ್ದನೆಂದು ಪೋರ್ಚುಗೀಸ್ ಪ್ರವಾಸಿ ಪಾಯಸ್ ಬರೆದಿಟ್ಟಿದ್ದಾನೆ. ರಾಯರ ಕಾಲಿಗೆ ಅಡ್ಡಗಾಲು ಕೊಡುವ ಧೈರ್ಯ ಆ ಜಟ್ಟಿಗಿತ್ತೋ ಇಲ್ಲವೋ, ಅದನ್ನು ಪಾಯಸ್ ಬರೆದಿಲ್ಲ. ಗರಡಿಯಲ್ಲಿ ಕಾಲಿನ ಪಟ್ಟುಗಳಿಗೆ ಕೊರತೆಯಿಲ್ಲ, ಟಾಂಗ್ ಎಂದರೆ ಪೈಲ್ವಾನರ ಮನೆಯ ಕೂಸಿಗೂ ಗೊತ್ತು. ಆದರೆ ಅವು ಹೆಚ್ಚಾಗಿ ಕಾಲು ತೂರಿಸಿ, ಕೊಕ್ಕೆ ಹಾಕಿ, ಎತ್ತುವ ಪಟ್ಟುಗಳು. ಇದಕ್ಕೆ ನನ್ನದೊಂದು ವಿವರಣೆಯಿದೆ, ಉಸ್ತಾದರು ಒಪ್ಪಿದರೆ ಒಪ್ಪಲಿ. ಗರಡಿಯ ಮಟ್ಟಿ ಎಂದರೆ ಎಣ್ಣೆ, ಅರಿಶಿನ ಬೆರೆಸಿ ಹದ ಮಾಡಿದ ಸಡಿಲ ಕೆಮ್ಮಣ್ಣು. ಪಾದ ಅದರಲ್ಲಿ ಹೂಳುತ್ತದೆ, ಸವರಿಕೊಂಡು ಹೋಗುವ ಮಾತೇ ಇಲ್ಲ. ಮೇಲಾಗಿ ಕುಸ್ತಿಯಲ್ಲಿ ಕೈಯಿಂದ ಕಾಲು ಹಿಡಿಯಬಹುದು. ಹಾಗಾಗಿ ಪೈಲ್ವಾನ ಬಗ್ಗಿ, ಕಾಲನ್ನು ಹಿಂದೆ ಬಚ್ಚಿಟ್ಟುಕೊಂಡು ನಿಲ್ಲುತ್ತಾನೆ. ಜಪಾನಿನ ಹುಲ್ಲಿನ ಚಾಪೆ ನುಣುಪು, ಅಲ್ಲಿ ನೆಟ್ಟಗೆ ನಿಂತು ಕಾಲು ಸರಿಸಿಕೊಂಡು ನಡೆಯುತ್ತಾರೆ. ಸಾಲದೆಂಬಂತೆ 2013ರಲ್ಲಿ ಅಂತಾರಾಷ್ಟ್ರೀಯ ಜೂಡೋ ಒಕ್ಕೂಟ ನಿಂತ ಆಟದಲ್ಲಿ ಸೊಂಟದ ಕೆಳಗೆ ಕೈ ಹಾಕುವುದನ್ನೇ ನಿಲ್ಲಿಸಿತು. ಕಾಲನ್ನು ಕೆಡಿಸಲು ಕಾಲೇ ಹೋಗಬೇಕು. ನೆಲ ಯಾವುದೋ ಪಟ್ಟು ಅದು.

ನೆಲದ ವಿಚಾರ ಬಂದದ್ದು ಒಳ್ಳೆಯದೇ ಆಯಿತು. ನಮ್ಮದು ಹಳೆಯ ಮನೆ, ರೆಡ್ ಆಕ್ಸೈಡ್ ನೆಲ, ಮೂರು ತಲೆಮಾರಿನ ಪಾದ ಉಜ್ಜಿ ಮಿರುಗುತ್ತದೆ. ಒಂದು ಒದ್ದೆ ಬಟ್ಟೆಯನ್ನು ನಾಲ್ಕು ಮಡಿಕೆ ಮಾಡಿ ನೆಲದ ಮೇಲಿಟ್ಟು, ಗೋಡೆಗೆ ಒಂದು ಕೈ ಕೊಟ್ಟು ನಿಂತು, ಅಂಗಾಲಿನಿಂದ ಅದನ್ನು ಅತ್ತಿಂದಿತ್ತ ಸರಿಸುವುದು. ಬಟ್ಟೆ ನೆಲ ಬಿಟ್ಟು ಮೇಲೆ ಹಾರಿದರೆ ಒದ್ದಿರಿ ಎಂದರ್ಥ. ಮುದುರಿ ನಿಂತರೆ ಒತ್ತಿದಿರಿ ಎಂದರ್ಥ. ನೀಟಾಗಿ ಜಾರಿಕೊಂಡು ಗೋಡೆಯವರೆಗೆ ಹೋದರೆ ಸರಿ. ಇದಕ್ಕಿಂತ ಒಳ್ಳೆಯ ಗುರುವನ್ನು ನಾನು ಕಂಡಿಲ್ಲ, ಯಾಕೆಂದರೆ ಅದು ಹೊಗಳುವುದೂ ಇಲ್ಲ, ಬೈಯುವುದೂ ಇಲ್ಲ. ಬೆಳಿಗ್ಗೆ ತರಕಾರಿ ಹೆಚ್ಚುತ್ತ ಇದನ್ನು ನೋಡುವ ಹೆಂಡತಿ, "ಆ ಸೋಫಾ ಕೆಳಗೂ ಸ್ವಲ್ಪ ಅಭ್ಯಾಸ ಮಾಡಿ" ಎನ್ನುತ್ತಾಳೆ. ಜೂಡೋದಿಂದ ಸಂಸಾರಕ್ಕೆ ಪ್ರಯೋಜನವಿಲ್ಲ ಎಂದು ಅವಳು ಹೇಳುವುದನ್ನು ನಿಲ್ಲಿಸಿ ಬಹಳ ದಿನವಾಯಿತು.

ವಯಸ್ಸಾಯಿತಲ್ಲ ಎನ್ನುವವರಿಗೆ ನಾನು ಕ್ಯೂಜೋ ಮಿಫುನೆಯ ಹಳೆಯ ಚಿತ್ರ ತೋರಿಸುತ್ತೇನೆ. 1883ರಲ್ಲಿ ಹುಟ್ಟಿದವರು, ಜೂಡೋದ ಹತ್ತನೇ ಡಾನ್, ಸಣ್ಣ ಮೈಕಟ್ಟು. 1955ರ ಆ ಚಿತ್ರದಲ್ಲಿ ಎಪ್ಪತ್ತು ದಾಟಿದ ಮುದುಕರು ತಮಗಿಂತ ದಪ್ಪದ ಹುಡುಗರ ಜೊತೆ ಓಡಾಡುತ್ತಿರುತ್ತಾರೆ, ಹುಡುಗರು ಒಬ್ಬರಾದ ಮೇಲೊಬ್ಬರು ಬೀಳುತ್ತಿರುತ್ತಾರೆ. ಅವರು ಅವಸರಪಡುವುದು ಎಲ್ಲೂ ಕಾಣುವುದಿಲ್ಲ. ಜೂಡೋ ನಮ್ಮ ದೇಶಕ್ಕೆ ಬಂದದ್ದು ಸಿನಿಮಾದ ಹುಚ್ಚಿನಿಂದ ಎಂದುಕೊಂಡವರಿಗೆ ಇನ್ನೊಂದು ಮಾತು: 1929ರಲ್ಲೇ ರವೀಂದ್ರನಾಥ ಠಾಕೂರರು ಶಿಂಜೊ ತಕಗಾಕಿ ಎಂಬ ಜಪಾನೀ ಗುರುವನ್ನು ಶಾಂತಿನಿಕೇತನಕ್ಕೆ ಕರೆಸಿಕೊಂಡಿದ್ದರು. ಹಾಡಿನ ಪಕ್ಕದಲ್ಲಿ ಕುಸ್ತಿಗೂ ಜಾಗವಿದೆ ಎಂದು ಕವಿಗೆ ಅನ್ನಿಸಿತ್ತು. ಬಸವನಗುಡಿಯವರು ಗಮನಿಸಬೇಕು.

ಈ ಅಭ್ಯಾಸದಿಂದ ನನಗಂಟಿದ ಚಟವೊಂದಿದೆ, ರಸ್ತೆಯಲ್ಲಿ ಜನರ ಹೆಜ್ಜೆ ನೋಡುವುದು. ಕಾರ್ತಿಕದ ಕೊನೆಯ ಸೋಮವಾರ ಕಡಲೆಕಾಯಿ ಪರಿಷೆಯ ನೂಕುನುಗ್ಗಲಿನಲ್ಲಿ ಬುಲ್ ಟೆಂಪಲ್ ರಸ್ತೆಯಲ್ಲಿ ಸಾಗುವವರನ್ನು ನೋಡಿ. ಹೆಜ್ಜೆ ಚಿಕ್ಕದು, ಪಾದ ನೆಲದ ಹತ್ತಿರ, ಭಾರ ಎರಡೂ ಕಾಲಿನ ಮೇಲೆ. ಅವರಲ್ಲಿ ಒಬ್ಬರನ್ನೂ ಯಾವ ಕಪ್ಪು ಬೆಲ್ಟಿನವನೂ ಗುಡಿಸಿ ಕೆಡವಲಾರ. ಮಾರನೇ ವಾರ ಅದೇ ರಸ್ತೆ ಖಾಲಿಯಾದಾಗ ಕಿವಿಗೆ ಫೋನು ಹಚ್ಚಿ, ಹಿಮ್ಮಡಿ ಮೊದಲು ಊರಿ, ಮಾರುದ್ದದ ಹೆಜ್ಜೆ ಹಾಕುವವರನ್ನು ನೋಡಿದರೆ ನನ್ನ ಬಲಗಾಲು ತುರಿಸುತ್ತದೆ. ಮ್ಯಾಟಿನ ಮೇಲೆ ನಮ್ಮನ್ನು ನಾವು ಉಳಿಸಿಕೊಳ್ಳುವ ಉಪಾಯ ಪರಿಷೆಯ ಜನ ತಮಗರಿಯದೆ ಕಲಿಸಿದ್ದೇ: ಕಾಲು ಎತ್ತಿ ಇಡಬೇಡಿ, ಸರಿಸಿ ಇಡಿ.

ಇಷ್ಟೆಲ್ಲ ಹೇಳಿ ಬೀಳುವುದನ್ನು ಹೇಳದೆ ಹೋದರೆ ಮೇಷ್ಟ್ರು ಬಿಡುವುದಿಲ್ಲ. ಗಲ್ಲವನ್ನು ಎದೆಗೆ ಒತ್ತಿ, ಕಣ್ಣನ್ನು ಬೆಲ್ಟಿನ ಗಂಟಿನ ಮೇಲಿಟ್ಟು, ಬೀಳುವ ಹೊತ್ತಿಗೆ ತೋಳಿನಿಂದ ಮ್ಯಾಟನ್ನು ಪಟ್ಟೆಂದು ಬಡಿಯುವುದು. ತಲೆ ನೆಲಕ್ಕೆ ತಾಗಬಾರದು, ಕೈಯೂರಿ ತಡೆಯಬಾರದು. ಸ್ವೀಪಿನಲ್ಲಿ ಬೀಳುವುದು ಸುಳಿವಿಲ್ಲದೆ ಆಗುವುದರಿಂದ ಇದು ಯೋಚಿಸದೆ ಬರಬೇಕು. ಕಳೆದ ಮಳೆಗಾಲದಲ್ಲಿ ಗಾಂಧಿಬಜಾರಿನ ಬಳಿ ಫುಟ್‌ಪಾತಿನ ಚಪ್ಪಡಿಯೊಂದು ನನ್ನ ಕಾಲ ಕೆಳಗೆ ಜಾರಿತು. ನೆಲ ಮುಟ್ಟುವ ಮೊದಲು ಗಲ್ಲ ಎದೆಗಿತ್ತು, ತೋಳು ಚಪ್ಪಡಿಯನ್ನು ಬಡಿದಿತ್ತು. ಅಂಗೈ ಉರಿದದ್ದು ಬಿಟ್ಟರೆ ಏನೂ ಆಗಲಿಲ್ಲ. ಮೊಳ ಹಾಕುತ್ತಿದ್ದ ಹೂವಿನವಳು ಕೈ ನಿಲ್ಲಿಸಿ, "ಯಾಕ್ ಸಾಮಿ, ಬೇಕಂತ್ಲೇ ಬಿದ್ರಾ?" ಅಂದಳು. ಎಲ್ಲ ಬೆಲ್ಟುಗಳಿಗಿಂತ ಆ ಪ್ರಶ್ನೆ ದೊಡ್ಡದು.

ಶಂಕರ್‌ನಾಗ್ ಕರಾಟೆ ಕಿಂಗ್ ಆಗಿದ್ದ ಕಾಲದಲ್ಲಿ ನಾವೂ ಶಾಲೆಯ ಮೈದಾನದ ಮರಳಿನಲ್ಲಿ ಒಬ್ಬರ ಕಾಲಿಗೊಬ್ಬರು ಅಡ್ಡಗಾಲು ಕೊಟ್ಟವರೇ. ಈಗಿನ ಮಕ್ಕಳ ಕಾಲ ಕೆಳಗೆ ಮರಳಿಲ್ಲ, ಗ್ರಾನೈಟು ಇದೆ. 2020ರ ಆರಂಭದಲ್ಲಿ ಫೋನುಗಳಲ್ಲಿ ಸ್ಕಲ್ ಬ್ರೇಕರ್ ಎಂಬ ಆಟ ಹರಿದಾಡಿತು: ನಡುವಿನವನು ಹಾರುತ್ತಾನೆ, ಇಬ್ಬದಿಯವರು ಅವನ ಕಾಲು ಗುಡಿಸುತ್ತಾರೆ. ಹಲವು ದೇಶಗಳ ಮಕ್ಕಳು ತಲೆ ಒಡೆದುಕೊಂಡರು. ಜೂಡೋದಲ್ಲಿ ಕೆಡವುವವನು ಬೀಳುವವನ ತೋಳನ್ನು ಕೊನೆಯವರೆಗೂ ಬಿಡದೆ ಮೇಲೆಳೆದು ಹಿಡಿಯಬೇಕು, ಅವನ ತಲೆಯನ್ನು ಕಾಯುವುದು ಆ ಕೈ. ಹಿಡಿಯದೆ ಕೆಡವುವುದನ್ನು ನಾನು ವಿದ್ಯೆ ಎಂದು ಒಪ್ಪುವುದಿಲ್ಲ.

ಮಕ್ಕಳನ್ನೋ ನಿಮ್ಮನ್ನೋ ಸೇರಿಸುವ ಮನಸ್ಸಿದ್ದರೆ ಮೊದಲು ಹೋಗಿ ಒಂದು ತರಗತಿ ಪೂರ್ತಿ ಕೂತು ನೋಡಿ. ಹೊಸಬರಿಗೆ ಬೀಳುವುದನ್ನು ಕಲಿಸದೆ ಕೆಡವುವುದನ್ನು ಕಲಿಸುವ ಕಡೆ ಫೀಸು ಕಟ್ಟಬೇಡಿ. ಮ್ಯಾಟುಗಳ ನಡುವೆ ಸಂದಿಯಿದ್ದರೆ ಕಾಲ್ಬೆರಳು ಸಿಕ್ಕಿಕೊಳ್ಳುತ್ತದೆ, ಅದನ್ನೂ ನೋಡಿಕೊಳ್ಳಿ. ಹೊರಡುವ ಮುಂಚೆ ಕಾಲಿನ ಉಗುರು ಕತ್ತರಿಸಿಕೊಳ್ಳಿ.